ಹತ್ತು ರೂಪಾಯಿ ಸ್ಕ್ರಬ್ಬರ್ ಹಿಂದಿನ ಫಾರಿನ್ ಲೆಕ್ಕ: ಮಷಿನ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಭದ್ರಾವತಿ ತಿಳಿಯಬೇಕಾದ್ದು

ಭದ್ರಾವತಿ: ಕಿರಾಣಿ ಅಂಗಡಿ ಮುಂದೆ ಶಾಂಪೂ ಸ್ಯಾಶೆ ಮಾಲೆ ಪಕ್ಕದಲ್ಲಿ ರಟ್ಟಿಗೆ ಪಿನ್ ಹೊಡೆದು ನೇತು ಹಾಕಿರುವ ಸ್ಟೀಲ್ ಸ್ಕ್ರಬ್ಬರ್ ಯಾರೂ ಎರಡು ಸಲ ನೋಡುವ ವಸ್ತುವಲ್ಲ. ಚಿಲ್ಲರೆ ಬಾಕಿ ಇದ್ದರೆ ಅದನ್ನೇ ಕೊಟ್ಟು ಕಳಿಸುವುದೂ ಉಂಟು. ಆದರೆ ಈಗ ಈ ಸ್ಕ್ರಬ್ಬರ್ ಮೊಬೈಲ್ ಜಾಹೀರಾತಿನಲ್ಲಿ ಬೇರೆ ವೇಷದಲ್ಲಿ ಬರುತ್ತಿದೆ. ಮನೆಯಲ್ಲೇ ಮಷಿನ್ ಹಾಕಿ, ತಂತಿ ನಾವೇ ಕೊಡ್ತೀವಿ, ತಯಾರಾದ ಮಾಲು ನಾವೇ ವಾಪಸ್ ತಗೋತೀವಿ, ಎಲ್ಲಾ ಫಾರಿನ್‌ಗೆ ಹೋಗುತ್ತೆ ಅನ್ನುವ ಧಾಟಿ.

ಎಂಪಿಎಂ ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಸೈಲ್ 2023ರ ಜನವರಿಯಲ್ಲಿ ತಿಳಿಸಿತು, ಆಮೇಲೆ ಅದೇ ವರ್ಷ ರೋಲಿಂಗ್ ಕೆಲಸ ಸಣ್ಣ ಪ್ರಮಾಣದಲ್ಲಿ ಶುರುವಾಯಿತು. ಕಬ್ಬಿಣದ ಊರು ಅಂತಲೇ ಹೆಸರಾದ ತಾಲೂಕಿನಲ್ಲಿ ಉಕ್ಕಿಗೆ ಸಂಬಂಧಪಟ್ಟ ಏನೇ ಅವಕಾಶ ಅಂದರೂ ಜನ ಕಿವಿ ನಿಮಿರಿಸುವುದು ಸಹಜ. ಒಡವೆ ಅಡ ಇಟ್ಟಾದರೂ ಮಷಿನ್ ತರೋಣ ಅನ್ನುವವರೂ ಇರುತ್ತಾರೆ. ಹಾಗಾಗಿ ಲೆಕ್ಕ ಮೊದಲು ನೋಡಬೇಕು.

ನಿಜ ಸಂಗತಿ ಏನೆಂದರೆ, ಭಾರತದಿಂದ ಹೊರದೇಶದ ಸ್ಕ್ರಬ್ಬರ್ ಕಾರ್ಖಾನೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹೋಗುವುದು ಸುಳ್ಳಲ್ಲ. ಮುಖ್ಯವಾಗಿ ಗುಜರಾತ್, ಮಹಾರಾಷ್ಟ್ರದ ತಂತಿ ಕಾರ್ಖಾನೆಗಳು ಈ ವ್ಯಾಪಾರದಲ್ಲಿವೆ. ಆದರೆ ತಂತಿ ಕಳಿಸುವುದು ಬೇರೆ, ಸ್ಕ್ರಬ್ಬರ್ ಕಳಿಸುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ಇಡೀ ಕತೆ ಇದೆ.

ಒಂದು ಸ್ಕ್ರಬ್ಬರ್‌ನಲ್ಲಿ ಎಷ್ಟು ತಂತಿ?

ಸ್ಕ್ರಬ್ಬರ್‌ಗೆ ಸಾಮಾನ್ಯವಾಗಿ ಬಳಸುವುದು 410 ಅಥವಾ 430 ಗ್ರೇಡಿನ ಸ್ಟೇನ್‌ಲೆಸ್ ತಂತಿ. ದಪ್ಪ ಸುಮಾರು 0.13 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನಷ್ಟೇ. ಈ ದಪ್ಪದ ತಂತಿ ಒಂದು ಕೆ.ಜಿ. ತೂಗಿದರೆ ಉದ್ದ ಸುಮಾರು 9.8 ಕಿಲೋಮೀಟರ್. ಎರಡು ಕೆ.ಜಿ. ತಂತಿ ಬಿಚ್ಚಿದರೆ ಭದ್ರಾವತಿಯಿಂದ ಶಿವಮೊಗ್ಗ ಮುಟ್ಟಬಹುದು. ಹದಿನೈದು ಗ್ರಾಂ ತೂಗುವ ಒಂದು ಸ್ಕ್ರಬ್ಬರ್‌ನಲ್ಲಿ ಹತ್ತಿರ ಹತ್ತಿರ 145 ಮೀಟರ್ ತಂತಿ ಇರುತ್ತದೆ.

ಈ ತಂತಿ ಶುರುವಾಗುವುದು 5.5 ಮಿ.ಮೀ. ದಪ್ಪದ ವೈರ್ ರಾಡ್‌ನಿಂದ. ಅದನ್ನು ಒಂದಾದ ಮೇಲೊಂದು ಚಿಕ್ಕ ತೂತಿನ ಡೈಗಳಲ್ಲಿ ಎಳೆಯುತ್ತಾರೆ. ದಪ್ಪ ಇದ್ದಾಗ ಕಾರ್ಬೈಡ್ ಡೈ, ಸಣ್ಣದಾದ ಮೇಲೆ ವಜ್ರದ ಡೈ. ಎಳೆದಷ್ಟೂ ಉಕ್ಕು ಗಡಸಾಗಿ ಮುರಿಯಲು ನೋಡುತ್ತದೆ. ಅದಕ್ಕೇ ಮಧ್ಯೆ ಮಧ್ಯೆ ಗಾಳಿ ಸೋಕದ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಬೇಕು. ಕೊನೆಗೆ ಒಂದು ಮೀಟರ್ ರಾಡ್ ಸುಮಾರು 1,800 ಮೀಟರ್ ತಂತಿ ಆಗುತ್ತದೆ.

ಆಮೇಲೆ ಈ ತಂತಿ ಸ್ಪೂಲ್ ಮೇಲೆ ಸುತ್ತಿ ಸ್ಕ್ರಬ್ಬರ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಮಷಿನ್ ಅದನ್ನು ಒತ್ತಿ ಚಪ್ಪಟೆ ಮಾಡಿ, ಸ್ಪ್ರಿಂಗಿನ ಹಾಗೆ ಸುರುಳಿ ಮಾಡಿ, ಉಂಡೆ ಕಟ್ಟುತ್ತದೆ. ಇದು ಬಹಳ ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ತಂತಿಯಲ್ಲಿ. ನಡುವೆ ಕಡಿದರೆ ಮಷಿನ್ ನಿಲ್ಲುತ್ತದೆ. ಗಡಸಾಗಿದ್ದರೆ ಕೈ ಕೊಯ್ಯುತ್ತದೆ. ಎಣ್ಣೆ ಜಿಡ್ಡು ಉಳಿದಿದ್ದರೆ ಪಾತ್ರೆಗೆ ಹತ್ತುತ್ತದೆ. ಕ್ರೋಮಿಯಂ ಕಡಿಮೆ ಇದ್ದರೆ ತುಕ್ಕು. ಹೊರದೇಶದ ಖರೀದಿದಾರ ದರದ ಜತೆಗೇ ಈ ನಾಲ್ಕನ್ನೂ ಕೇಳುತ್ತಾನೆ.

ನಿಕಲ್ ಇಲ್ಲದ ಉಕ್ಕು

ಮನೆಯ ತಟ್ಟೆ ಲೋಟಕ್ಕೆ ಬಳಸುವ ಒಳ್ಳೆ ದರ್ಜೆಯ 304 ಸ್ಟೀಲ್‌ನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ಸ್ಕ್ರಬ್ಬರ್‌ನ 430ರಲ್ಲಿ ಶೇ 16ರಿಂದ 18 ಕ್ರೋಮಿಯಂ ಇದ್ದರೂ ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. 410ರಲ್ಲಿ ಕ್ರೋಮಿಯಂ ಇನ್ನೂ ಕಡಿಮೆ, ಶೇ 11.5ರಿಂದ 13.5.

ಇದರ ಬೆಲೆ ಏನು ಅನ್ನುವುದು 2022ರ ಮಾರ್ಚ್ 8ರಂದು ಗೊತ್ತಾಯಿತು. ಅಂದು ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ನಿಕಲ್ ದರ ಟನ್‌ಗೆ ಒಂದು ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಬೇಕಾಯಿತು. ನಿಕಲ್ ಹಾಕುವ ಸ್ಟೀಲ್ ನಂಬಿದವರೆಲ್ಲ ಕಂಗಾಲು. 430 ತಂತಿಗೆ ಆ ಪೆಟ್ಟು ನೇರವಾಗಿ ಬೀಳುವುದಿಲ್ಲ. ಭಾರತ ನಿಕಲ್‌ಗೆ ಹೊರದೇಶ ನೋಡಬೇಕು, ಕ್ರೋಮಿಯಂನ ಅದಿರು ಕ್ರೋಮೈಟ್ ಮಾತ್ರ ಒಡಿಶಾದಲ್ಲಿ ಹೇರಳವಾಗಿದೆ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಕ್ರೋಮೈಟ್ ಗಣಿ ಇದೆ. ಈ ಬಗೆಯ ತಂತಿಯಲ್ಲಿ ಭಾರತಕ್ಕೆ ಇರುವ ಬಲ ಇದು.

ಸ್ಕ್ರಬ್ಬರ್ ಬಿಟ್ಟು ತಂತಿಯನ್ನೇ ಯಾಕೆ ಕಳಿಸ್ತಾರೆ?

ಸರಳ ಕಾರಣ, ಹಡಗಿನ ಬಾಡಿಗೆ. ಇಪ್ಪತ್ತು ಅಡಿ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ. ತಂತಿ ತುಂಬಿದರೆ ಜಾಗ ಮುಗಿಯುವ ಮುಂಚೆ ತೂಕದ ಮಿತಿ ಮುಟ್ಟುತ್ತದೆ, ಇಪ್ಪತ್ತು ಟನ್ ಮೇಲೆ ಹೋಗುತ್ತದೆ. ಸ್ಕ್ರಬ್ಬರ್ ತುಂಬಿದರೆ? ಉಂಡೆಯೊಳಗೆ ಇರುವುದು ಹೆಚ್ಚಾಗಿ ಗಾಳಿ. ತೂಕ ಏರುವ ಮುಂಚೆಯೇ ಕಂಟೇನರ್ ತುಂಬಿಬಿಡುತ್ತದೆ. ಅಂದರೆ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ.

2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪ್ ಕಡೆಯ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಹತ್ತು ದಿನಕ್ಕಿಂತ ಹೆಚ್ಚು ಪ್ರಯಾಣ, ಬಾಡಿಗೆಯೂ ಹೆಚ್ಚು. ಇಂಥ ಹೊತ್ತಲ್ಲಿ ಹಗುರ ಮಾಲಿಗೆ ಬೀಳುವ ಹೊಡೆತ ಭಾರದ ಮಾಲಿಗಿಂತ ಜೋರು. ಹಾಗಾಗಿ ಉಂಡೆ ಕಟ್ಟುವ ಕೆಲಸ ಗ್ರಾಹಕರು ಇರುವ ದೇಶದಲ್ಲೇ ಉಳಿದಿದೆ, ತಂತಿ ಮಾತ್ರ ದೂರದಿಂದ ಹೋಗುತ್ತದೆ.

ಅಮೆರಿಕದ ಬಾಗಿಲು

ಈಗ ಸುಂಕದ ಮಾತು. ಅಮೆರಿಕ 2018ರಲ್ಲೇ ರಾಷ್ಟ್ರೀಯ ಭದ್ರತೆಯ ಕಾರಣ ಹೇಳಿ ಉಕ್ಕಿನ ಮೇಲೆ ಶೇ 25 ಸುಂಕ ಹಾಕಿತ್ತು. ಸ್ಟೇನ್‌ಲೆಸ್ ತಂತಿಯೂ ಅದರಲ್ಲಿ ಸೇರಿತ್ತು. 2025ರ ಜೂನ್ 4ರಿಂದ ಅದು ಶೇ 50ಕ್ಕೆ ಏರಿತು. ಅಂದರೆ ನೂರು ರೂಪಾಯಿ ತಂತಿಗೆ ಬಂದರಿನಲ್ಲೇ ಐವತ್ತು ರೂಪಾಯಿ ಸುಂಕ. ಸ್ಕ್ರಬ್ಬರ್ ಅಂಥ ಕಡಿಮೆ ಲಾಭದ ಸಾಮಾನಿಗೆ ಇದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಇದರ ಇನ್ನೊಂದು ಮುಖವೂ ಇದೆ. ಈ ಸುಂಕ ಭಾರತಕ್ಕೆ ಮಾತ್ರ ಅಲ್ಲ, ಚೀನಾ ಸೇರಿದಂತೆ ಉಕ್ಕು ಕಳಿಸುವ ಹೆಚ್ಚುಕಡಿಮೆ ಎಲ್ಲ ದೇಶಕ್ಕೂ ಇದೆ. ಅಮೆರಿಕದಲ್ಲಿ ಮಾರಾಟವಾಗದ ತಂತಿ ಬೇರೆ ಕಡೆ ನುಗ್ಗುತ್ತದೆ. ಟರ್ಕಿ, ಈಜಿಪ್ಟ್, ದಕ್ಷಿಣ ಅಮೆರಿಕದ ಪೇಟೆಗಳಲ್ಲಿ ದರದ ಜಿದ್ದಾಜಿದ್ದಿ ಆಗುತ್ತದೆ. ಭಾರತದೊಳಗೂ ಮಾಲು ಉಳಿದು ದರ ಇಳಿಯಬಹುದು. ಭದ್ರಾವತಿಯ ಅಂಗಡಿಯಲ್ಲಿ ಸ್ಕ್ರಬ್ಬರ್ ಅಗ್ಗವಾದರೆ ಅದು ಗಿರಾಕಿಗೆ ಖುಷಿ, ಹೊಸದಾಗಿ ಮಷಿನ್ ಹಾಕಿದವರಿಗೆ ಸಂಕಟ.

ಯುರೋಪಿನ ಕಾರ್ಬನ್ ಲೆಕ್ಕ

ಯುರೋಪ್ ಕತೆ ಇನ್ನೂ ಸೂಕ್ಷ್ಮ. ಹಿಂದೆ 2013ರಲ್ಲಿ ಐರೋಪ್ಯ ಒಕ್ಕೂಟ ಭಾರತದ ಸ್ಟೇನ್‌ಲೆಸ್ ತಂತಿಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಸಬ್ಸಿಡಿಗೆ ಪ್ರತಿಯಾದ ಸುಂಕ ಎರಡನ್ನೂ ಹಾಕಿತ್ತು. ಅಲ್ಲಿನ ತಂತಿ ಕಾರ್ಖಾನೆಗಳ ದೂರು ಅದಕ್ಕೆ ಕಾರಣ. ಭಾರತದ ತಂತಿಗೆ ಅಲ್ಲಿ ಬೇಡಿಕೆ ಎಷ್ಟಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಈಗ ಬಂದಿರುವುದು ಬೇರೆ ಥರದ ಬೇಲಿ. ಉಕ್ಕು ತಯಾರಿಸುವಾಗ ಎಷ್ಟು ಇಂಗಾಲದ ಹೊಗೆ ಹೋಯಿತೋ ಅದಕ್ಕೆ ಆಮದುದಾರ ದುಡ್ಡು ಕಟ್ಟಬೇಕು. ಸಿಬಿಎಎಂ ಅಂತ ಇದರ ಹೆಸರು. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಒಪ್ಪಿಸುವುದು ನಡೆದಿತ್ತು. 2026ರ ಜನವರಿ 1ರಿಂದ ಬರುವ ಮಾಲಿಗೆ ನಿಜವಾದ ಹೊಣೆ ಶುರು. ಈ ವರ್ಷದ ಆಮದಿನ ಸರ್ಟಿಫಿಕೇಟ್‌ಗಳ ಮಾರಾಟ 2027ರ ಫೆಬ್ರುವರಿಯಿಂದ.

ಕಟ್ಟಬೇಕಾದವನು ಯುರೋಪಿನ ಖರೀದಿದಾರ, ಭಾರತದ ಕಾರ್ಖಾನೆಯಲ್ಲ. ಆದರೆ ಅವನು ಸುಮ್ಮನೆ ಕಟ್ಟುತ್ತಾನಾ? ದರದಲ್ಲಿ ಮುರಿದುಕೊಳ್ಳುತ್ತಾನೆ. ಜತೆಗೆ ಕಾಗದ ಕೇಳುತ್ತಾನೆ. ರಾಡ್ ಯಾವ ಕಾರ್ಖಾನೆಯದು, ಅದನ್ನು ಕರಗಿಸಲು ಏನು ಉರಿಸಿದರು, ಅದಕ್ಕೆ ಹಾಕಿದ ಫೆರೋಕ್ರೋಮ್ ಎಲ್ಲಿಂದ ಬಂತು. ತಂತಿ ಎಳೆಯುವ ಸಣ್ಣ ಕಾರ್ಖಾನೆಗೆ ಈ ಲೆಕ್ಕ ತನ್ನ ಹತ್ತಿರ ಇರುವುದಿಲ್ಲ, ರಾಡ್ ಕೊಟ್ಟ ದೊಡ್ಡ ಗಿರಣಿ ಕೊಡಬೇಕು. ಕೊಡದಿದ್ದರೆ ಯುರೋಪ್ ತಾನೇ ಒಂದು ಅಂಕಿ ಹಿಡಿದು ಲೆಕ್ಕ ಹಾಕುತ್ತದೆ, ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಕಾಗದ ಇಲ್ಲದವನಿಗೆ ಹೊರೆ ಜಾಸ್ತಿ.

ಇಲ್ಲೇ ಒಂದು ವಿಚಿತ್ರ ಇದೆ. ಈ ಪಟ್ಟಿಯಲ್ಲಿ ಸ್ಟೇನ್‌ಲೆಸ್ ತಂತಿ ಇದೆ, ಅದರ ಕೋಡ್ 7223. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಬರುವುದು 7323.10 ಕೋಡ್‌ನಲ್ಲಿ, ಅದು ಮೂಲ ಪಟ್ಟಿಯಲ್ಲಿಲ್ಲ. ಅದೇ ಉಕ್ಕು, ಅದೇ ಹೊಗೆ. ತಂತಿಯಾಗಿ ಹೋದರೆ ಕಾರ್ಬನ್ ಲೆಕ್ಕ, ಉಂಡೆಯಾಗಿ ಹೋದರೆ ಇಲ್ಲ. ಅಲ್ಲಿನ ಸ್ಕ್ರಬ್ಬರ್ ಕಾರ್ಖಾನೆಯವನಿಗೆ ತಂತಿ ದುಬಾರಿಯಾಗುತ್ತದೆ, ಏಷ್ಯಾದಿಂದ ಬರುವ ತಯಾರಾದ ಸ್ಕ್ರಬ್ಬರ್‌ಗೆ ಆ ಹೊರೆ ಇಲ್ಲ. ಹಾಗಾದರೆ ಅವನು ತಂತಿ ತರಿಸುವುದು ಬಿಟ್ಟು ಸ್ಕ್ರಬ್ಬರನ್ನೇ ತರಿಸಿ ತನ್ನ ಹೆಸರು ಅಂಟಿಸಿ ಮಾರಲು ನೋಡಬಹುದು.

ಫಾರಿನ್ ಆರ್ಡರ್ ಮಾತಿಗೆ ಅಲ್ಪಸ್ವಲ್ಪ ಆಧಾರ ಸಿಗುವುದು ಇಲ್ಲಿ. ಆದರೆ ಮೂರು ತಡೆ ಇವೆ.

ಒಂದು, ವರ್ಷಕ್ಕೆ ಒಟ್ಟು 50 ಟನ್‌ವರೆಗೆ ಮಾತ್ರ ಇಂಥ ಮಾಲು ತರಿಸುವ ಆಮದುದಾರನಿಗೆ ಸಿಬಿಎಎಂ ವಿನಾಯಿತಿ ಇದೆ. ಐವತ್ತು ಟನ್ ಅಂದರೆ 15 ಗ್ರಾಂ ಲೆಕ್ಕದಲ್ಲಿ 33 ಲಕ್ಷ ಸ್ಕ್ರಬ್ಬರ್. ಸಣ್ಣ ಕಾರ್ಖಾನೆಯವನು ತಂತಿ ಬಿಟ್ಟು ಸ್ಕ್ರಬ್ಬರ್‌ಗೆ ಹೊರಳುವ ಅಗತ್ಯವೇ ಇಲ್ಲ. ಎರಡು, ಮೇಲೆ ಹೇಳಿದ ಗಾಳಿ ಬಾಡಿಗೆ ಎಲ್ಲೂ ಹೋಗಿಲ್ಲ. ಮೂರು, ಉಕ್ಕು ಮತ್ತು ಅಲ್ಯೂಮಿನಿಯಂನಿಂದ ಮಾಡಿದ ಸುಮಾರು 180 ಬಗೆಯ ಸಾಮಾನುಗಳನ್ನು 2028ರಿಂದ ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು ಐರೋಪ್ಯ ಆಯೋಗ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಬ್ರಿಟನ್ ಕೂಡ 2027ರ ಜನವರಿಯಿಂದ ತನ್ನದೇ ಕಾರ್ಬನ್ ಶುಲ್ಕ ತರುತ್ತಿದೆ. ಇಂದು ತೆರೆದಿರುವ ಕಿಂಡಿ ನಾಳೆಯೂ ತೆರೆದಿರುತ್ತೆ ಅಂತ ನಂಬಿ ಐದು ವರ್ಷದ ಸಾಲ ಮಾಡಲು ಬರುವುದಿಲ್ಲ.

ಜಿಲ್ಲೆಗೆ ಎಷ್ಟು ಮಷಿನ್ ಸಾಕು?

ಫಾರಿನ್ ಬಿಡಿ, ನಮ್ಮ ಜಿಲ್ಲೆಯಲ್ಲೇ ಮಾರಿಕೊಳ್ಳೋಣ ಅನ್ನುವವರಿಗೆ ಒಂದು ಅಂದಾಜು. 2011ರ ಜನಗಣತಿ ಪ್ರಕಾರ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ. ಮನೆಗಳು ನಾಲ್ಕು ಲಕ್ಷದ ಆಸುಪಾಸು ಅಂತ ಹಿಡಿಯಿರಿ. ಪ್ರತಿ ಮನೆಗೆ ತಿಂಗಳಿಗೆ ಒಂದು ಸ್ಕ್ರಬ್ಬರ್ ಅಂದರೂ ನಾಲ್ಕು ಲಕ್ಷ ಸ್ಕ್ರಬ್ಬರ್, ತಲಾ 15 ಗ್ರಾಂನಂತೆ ಆರು ಟನ್ ತಂತಿ.

ಒಂದು ಮಷಿನ್ ದಿನಕ್ಕೆ 50 ಕೆ.ಜಿ. ಓಡಿಸುತ್ತೆ, ತಿಂಗಳಿಗೆ 25 ದಿನ ಕೆಲಸ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಒಂದೂಕಾಲು ಟನ್ ಆಯಿತು. ಐದೇ ಐದು ಮಷಿನ್ ಇಡೀ ಜಿಲ್ಲೆಗೆ ಸಾಕು. ಅದೂ ಹೊರಗಿನ ಒಂದೇ ಒಂದು ಸ್ಕ್ರಬ್ಬರ್ ಜಿಲ್ಲೆಯೊಳಗೆ ಬರದಿದ್ದರೆ, ಯಾರೂ ನಾರು, ಹಸಿರು ಪ್ಯಾಡ್ ಬಳಸದಿದ್ದರೆ. ಹಾಗಿರುವಾಗ ಒಂದೊಂದು ಹೋಬಳಿಗೆ ಹತ್ತು ಮಷಿನ್ ಮಾರುವವನ ದುಡಿಮೆ ಸ್ಕ್ರಬ್ಬರ್‌ನಿಂದಲ್ಲ, ಮಷಿನ್‌ನಿಂದ.

ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಾದ್ದು

ಮಾಲು ವಾಪಸ್ ತಗೋತೀವಿ ಅನ್ನುವವರ ಹತ್ತಿರ ಕೆಲವು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ.

ಎಕ್ಸ್‌ಪೋರ್ಟ್ ಮಾಡುವವರಿಗೆ ಐಇಸಿ ನಂಬರ್ ಇರಲೇಬೇಕು. ಕೇಂದ್ರದ ಡಿಜಿಎಫ್‌ಟಿ ಅದನ್ನು ಕೊಡುತ್ತದೆ, ಆನ್‌ಲೈನ್‌ನಲ್ಲಿ ನೋಡಬಹುದು. ನಂಬರ್ ಇದೆ ಅಂದ ಮಾತ್ರಕ್ಕೆ ನಂಬಬಾರದು, 500 ರೂಪಾಯಿ ಶುಲ್ಕ ಕಟ್ಟಿದರೆ ಯಾರಿಗೂ ಸಿಗುತ್ತದೆ. ಹಿಂದೆ ಕಳಿಸಿದ ಮಾಲಿನ ಶಿಪ್ಪಿಂಗ್ ಬಿಲ್ ತೋರಿಸಿ ಅನ್ನಬೇಕು. ಅದು ಕಸ್ಟಮ್ಸ್ ದಾಖಲೆ.

ತಂತಿ ಯಾವ ಗ್ರೇಡ್, ಗಿರಣಿಯ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಬೇಕು. ವಾಪಸ್ ತಗೊಳ್ಳುವ ದರ, ತೂಕ, ಎಷ್ಟು ದಿನದಲ್ಲಿ ದುಡ್ಡು, ಕ್ವಾಲಿಟಿ ಸರಿ ಇಲ್ಲ ಅಂತ ತಿರಸ್ಕರಿಸಿದರೆ ತೀರ್ಮಾನ ಯಾರದು ಅನ್ನುವುದು ಛಾಪಾ ಕಾಗದದಲ್ಲಿ ಇರಬೇಕು. ಕ್ವಾಲಿಟಿ ನೆಪ ಹೇಳಿ ಮಾಲು ತಿರುಗಿ ಕಳಿಸಲು ದಾರಿ ಬಿಟ್ಟಿದ್ದರೆ ಆ ಒಪ್ಪಂದಕ್ಕೆ ಬೆಲೆ ಇಲ್ಲ.

ಸಾಲಕ್ಕೆ ಪಿಎಂಇಜಿಪಿ ಇದೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ, ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು ಮುಂತಾದ ವಿಶೇಷ ವರ್ಗಕ್ಕೆ ಶೇ 35 ಸಬ್ಸಿಡಿ. ಆದರೆ ಸಬ್ಸಿಡಿ ಸಿಗುತ್ತೆ ಅಂದರೆ ವ್ಯಾಪಾರ ನಡೆಯುತ್ತೆ ಅಂತ ಅರ್ಥವಲ್ಲ. ಉಳಿದ ಸಾಲದ ಕಂತು ಮನೆಯವರೇ ಕಟ್ಟಬೇಕು. ಇನ್ನು ನಿಜವಾಗಿಯೂ ಹೊರದೇಶಕ್ಕೆ ಮಾಲು ಕಳಿಸುವವರು ಇಸಿಜಿಸಿ ವಿಮೆ ಮಾಡಿಸುತ್ತಾರೆ. ಖರೀದಿದಾರ ಕೈ ಎತ್ತಿದರೆ ನಷ್ಟದ ದೊಡ್ಡ ಪಾಲು ಅದು ತುಂಬುತ್ತದೆ. ವಿಮೆಯ ಹೆಸರೇ ಕೇಳದವನು ಎಕ್ಸ್‌ಪೋರ್ಟರ್ ಅಂದರೆ ಅನುಮಾನ ಪಡಬೇಕು.

ಅಂಗಡಿಯವರಿಗೆ ಎರಡು ಮಾತು

ಸ್ಕ್ರಬ್ಬರ್ ದರ ಹತ್ತು ರೂಪಾಯಿಯೇ ಉಳಿಯುತ್ತದೆ, ತೂಕ ಮಾತ್ರ ಕರಗುತ್ತದೆ. ಲೈನ್ ವ್ಯಾನ್‌ನವರು ತಂದ ರಟ್ಟಿನಿಂದ ಹತ್ತು ಸ್ಕ್ರಬ್ಬರ್ ಬಿಡಿಸಿ ತಕ್ಕಡಿಗೆ ಹಾಕಿ ನೋಡಿ. 150 ಗ್ರಾಂಗೂ 100 ಗ್ರಾಂಗೂ ಇರುವ ವ್ಯತ್ಯಾಸವೇ ನಿಜವಾದ ದರ ಏರಿಕೆ.

ಇನ್ನೊಂದು, ಆಯಸ್ಕಾಂತದ ಪರೀಕ್ಷೆ ಇಲ್ಲಿ ನಡೆಯದು. ಪಾತ್ರೆ ಕೊಳ್ಳುವಾಗ ಆಯಸ್ಕಾಂತ ಹಿಡಿದರೆ ನಕಲಿ ಅನ್ನುವ ನಂಬಿಕೆ ಇದೆ. ಆದರೆ 410, 430 ಎರಡೂ ಅಸಲಿ ಸ್ಟೇನ್‌ಲೆಸ್ ಆಗಿದ್ದೂ ಆಯಸ್ಕಾಂತಕ್ಕೆ ಅಂಟುತ್ತವೆ. ಸತುವಿನ ಲೇಪ ಕೊಟ್ಟ ಸಾದಾ ಕಬ್ಬಿಣದ ತಂತಿಯೂ ಅಂಟುತ್ತದೆ. ಒಂದನ್ನು ಉಪ್ಪು ನೀರಲ್ಲಿ ಅದ್ದಿ, ಒಂದೆರಡು ರಾತ್ರಿ ಹಾಗೇ ಬಿಟ್ಟರೆ ಬೇಗ ತುಕ್ಕು ಕಾರುವುದು ಯಾವುದು ಅಂತ ಗೊತ್ತಾಗುತ್ತದೆ. ಹೋಟೆಲ್, ಮೆಸ್‌ನವರಿಗೆ ಕೊಡುವಾಗ ಇದು ಮುಖ್ಯ. ಚೂರು ಚೂರು ಉದುರುವ ತಂತಿ ಸಾಂಬಾರಿನಲ್ಲಿ ಸಿಕ್ಕರೆ ಮಾನ ಹೋಗುವುದು ಹೋಟೆಲಿನವರದು.

ಹಾಗಾದರೆ ಇಲ್ಲಿ ಏನೂ ಆಗದೇ?

ಹಾಗೇನಿಲ್ಲ. ಆದರೆ ಅವಕಾಶ ಇರುವುದು ಉಂಡೆ ಕಟ್ಟುವುದರಲ್ಲಿ ಅಲ್ಲ, ತಂತಿಯಲ್ಲಿ. ತಂತಿಗೆ ಬೇಕಾದ್ದು ಡೈ, ಕುಲುಮೆ, ಉಕ್ಕಿನ ಗುಣ ಬಲ್ಲ ಕೈ. 1918ರಲ್ಲಿ ಶುರುವಾಗಿ 1923ರಿಂದ ಕಬ್ಬಿಣ ಕೊಟ್ಟ ಕಾರ್ಖಾನೆಯ ಊರು ಇದು. ವಿಶೇಷ ಉಕ್ಕಿನ ಕೆಲಸ ಗೊತ್ತಿರುವ ನಿವೃತ್ತರು ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ, ಎರಕದ ಕೆಲಸ ಬಲ್ಲ ಕಾರ್ಮಿಕರಿದ್ದಾರೆ. ಆದರೆ 0.13 ಮಿ.ಮೀ. ತಂತಿ ಎಳೆಯುವ ಘಟಕ ಒಬ್ಬ ಯುವಕ ಮನೆ ಹಿಂದೆ ಶೆಡ್ ಹಾಕಿ ಮಾಡುವ ಕೆಲಸವಲ್ಲ. ಬಂಡವಾಳ ದೊಡ್ಡದು, ರಾಡ್ ಹೊರಗಿನಿಂದ ಬರಬೇಕು, ಗುಜರಾತಿನ ದರಕ್ಕೆ ನಿಲ್ಲಬೇಕು, ಈಗ ಕಾರ್ಬನ್ ಕಾಗದವನ್ನೂ ಇಡಬೇಕು.

ಅದಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರ ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಮಷಿನ್ ಸ್ಕೀಮ್‌ಗಳ ಹಿಂದೆ ಬಿದ್ದು ಅರ್ಜಿ ಹಾಕುವವರಿಗೆ ಸಾಲದ ಫಾರಂ ಕೊಡುವ ಮುಂಚೆ ಪೇಟೆಯ ಲೆಕ್ಕ ಒಂದು ಹಾಳೆಯಲ್ಲಿ ಕೊಡುವುದು. ಜಿಲ್ಲೆಗೆ ಎಷ್ಟು ಬೇಕು, ಈಗಾಗಲೇ ಎಷ್ಟು ಘಟಕ ಇವೆ, ಯಾರು ಕೊಳ್ಳುತ್ತಾರೆ. ಬ್ಯಾಂಕಿನವರೂ ಇದನ್ನೇ ಕೇಳಬೇಕು.

ಅಲ್ಲಿವರೆಗೆ ಲೆಕ್ಕ ಮನೆಯಲ್ಲೇ ಹಾಕಿಕೊಳ್ಳುವುದು ಕ್ಷೇಮ. ವಾಷಿಂಗ್ಟನ್‌ನಲ್ಲಿ ಸುಂಕ ಏರಿದರೆ, ಬ್ರಸೆಲ್ಸ್‌ನಲ್ಲಿ ಪಟ್ಟಿ ಬದಲಾದರೆ ಗುಜರಾತಿನ ದೊಡ್ಡ ಕಾರ್ಖಾನೆ ಒಂದು ಪೇಟೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಹೊಸಮನೆಯಲ್ಲೋ ಹೊಳೆಹೊನ್ನೂರಲ್ಲೋ ಒಡವೆ ಅಡ ಇಟ್ಟು ಮಷಿನ್ ತಂದವರಿಗೆ ಹೋಗಲು ಇನ್ನೊಂದು ಪೇಟೆ ಇರುವುದಿಲ್ಲ.